ಅಮ್ಮನ ಮೈ ಹಸಿಯಿದ್ದಾಗ

ಕಳೆದ ವಾರ ಭೂಮಿ ಹುಣ್ಣಿಮೆ. ಬೆಳಕು ಹರಿಯುತ್ತಿದ್ದ ಹಾಗೆ ನಮ್ಮೂರಿನ ಹೆಂಗಸರೆಲ್ಲ ಬುಟ್ಟಿ ಹೊತ್ತು ಗದ್ದೆಗೆ ಇಳಿದರು. ನನ್ನ ಅಕ್ಕನ ಮಗಳು ಸವಿತ ಮಾತ್ರ ಬುಟ್ಟಿ ಹೊತ್ತು ರಸ್ತೆಯ ಕಡೆ ಹತ್ತಿದಳು.

'ಗದ್ದೆ ಈ ಕಡೆ ಕಣೇ,' ಅಂದರು ಅವಳ ಅತ್ತೆ ಸುಶೀಲಕ್ಕ.

'ಗೊತ್ತು ಅತ್ತೆ,' ಅಂದಳು. ನಿಲ್ಲಲಿಲ್ಲ.

ಭೂಮಿ ಹುಣ್ಣಿಮೆ ಗೊತ್ತಿಲ್ಲದವರಿಗೆ ಎರಡು ಮಾತು. (ಈ ಅಂಕಣ ಓದುವವರಲ್ಲಿ ಪೇಟೆಯವರೂ ಇದ್ದೀರಿ, ಬಲ್ಲೆ.) ಈ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆಯಾಗಿರುತ್ತದೆ. ತೆನೆ ಹೊರಗೆ ಬಂದಿರುವುದಿಲ್ಲ, ಪೈರಿನ ಹೊಟ್ಟೆಯಲ್ಲಿರುತ್ತದೆ. ಅಂದರೆ ಭೂಮಿ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕಲ್ಲ? ಹಿಂದಿನ ದಿನವೇ ಗುಡ್ಡ ಸುತ್ತಿ ಸಿಕ್ಕ ಸಿಕ್ಕ ಕುಡಿಯೆಲ್ಲ ಚಿವುಟಿ ತಂದು ಬೆರಕೆ ಸೊಪ್ಪು ಬೇಯಿಸುತ್ತಾರೆ. ಕಡುಬು ಮಾಡುತ್ತಾರೆ. ಬೆಳಿಗ್ಗೆ ಪೈರಿಗೆ ಅರಿಶಿನ ಕುಂಕುಮ ಹಚ್ಚಿ, ಹೊಸ ಬಟ್ಟೆ ಹೊದೆಸಿ, ಒಂದು ಕಡುಬನ್ನು ಗದ್ದೆಯ ಮೂಲೆಯಲ್ಲಿ ಹೂಳುತ್ತಾರೆ. ಕೊಯ್ಲಿನ ಹೊತ್ತಿಗೆ ಅದನ್ನು ಮತ್ತೆ ತೆಗೆಯಬೇಕು. ಉಳಿದಷ್ಟನ್ನು ಮನೆಮಂದಿಯೆಲ್ಲ ಪ್ರಸಾದ ಅಂತ ಚೂರು ಚೂರು ಬಾಯಿಗೆ ಹಾಕಿಕೊಳ್ಳಬೇಕು. ತಾಯಿ ಉಂಡು ಬಿಟ್ಟದ್ದು ಮಕ್ಕಳಿಗೆ.

ಸವಿತಳ ಬುಟ್ಟಿಯಲ್ಲೂ ಇದ್ದದ್ದು ಅದೇ. ಬೆರಕೆ ಸೊಪ್ಪು, ಕಡುಬು, ಕುಂಕುಮದ ಭರಣಿ. ಹಾಗಾದರೆ ರಸ್ತೆಯಲ್ಲಿ ಅವಳಿಗೇನು ಕೆಲಸ?

ಅದನ್ನು ಹೇಳಬೇಕಾದರೆ ಸುಗ್ಗಿಯಿಂದ, ಅಂದರೆ ಬೇಸಿಗೆಯಲ್ಲಿ ನಡೆಯುವ ನಮ್ಮೂರ ದೇವಿಯ ಹಬ್ಬದಿಂದ, ಶುರು ಮಾಡಬೇಕು. ಸುಗ್ಗಿ ಹೇಳಬೇಕಾದರೆ ನಮ್ಮಜ್ಜಿಯಿಂದ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟ ಮಾರನೆಯ ದಿನವೇ ಗುದ್ದಲಿ ಹಿಡಿದೆ. ಕಾಫಿ ಗುಂಡಿ ತೆಗೆದೆ, ಬಾವಿ ತೆಗೆದೆ, ಈಗ ಜೆಸಿಬಿ ಓಡಿಸುತ್ತೇನೆ. ಮೆಷಿನ್ ನನ್ನದೇ. ವಸ್ತಾರೆಯಿಂದ ಆಲ್ದೂರಿನ ಆಚೆಯವರೆಗೆ ನನ್ನ ಬಕೆಟ್ ತಾಗದ ಗುಡ್ಡ ಹುಡುಕಬೇಕು. ಕೆಂಪು ಮಣ್ಣು ಎಲ್ಲಿ ಮುಗಿಯುತ್ತದೆ, ಕಲ್ಲು ಎಲ್ಲಿ ಸಿಗುತ್ತದೆ, ಯಾವ ದಿಣ್ಣೆ ಮಳೆಗೆ ಜಾರುತ್ತದೆ ಅಂತ ಸೀಟಿನಲ್ಲಿ ಕೂತೇ ಹೇಳಬಲ್ಲೆ. ನೆಲದ ವಿಷಯದಲ್ಲಿ ನನಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಮಾಡಿದವಳು ಒಬ್ಬಳೇ, ನಮ್ಮಜ್ಜಿ.

ಅಜ್ಜಿಯ ಹತ್ತಿರ ಕ್ಯಾಲೆಂಡರ್ ಇರಲಿಲ್ಲ. ವರ್ಷ ಅಂದರೆ ಅವಳಿಗೆ ಅಮ್ಮನ ಮೈ. ಅಮ್ಮ ಅಂದರೆ ನಮ್ಮೂರ ಗುಡಿಯ ದೇವಿ. ಈ ನೆಲವೇ ಅವಳು, ಗುಡಿಯಲ್ಲಿರುವುದು ಮುಖ ಮಾತ್ರ ಅನ್ನುತ್ತಿದ್ದಳು ಅಜ್ಜಿ. ಮಕರ ಸಂಕ್ರಾಂತಿಗೆ ಅಮ್ಮ ಮಗ್ಗುಲು ಬದಲಿಸುತ್ತಾಳೆ, ಉತ್ತರದ ಕಡೆಗೆ. ಅಲ್ಲಿಂದ ಅವಳ ಮೈ ಬಿಸಿ ಏರುತ್ತದೆ. ಸುಗ್ಗಿಯ ಹೊತ್ತಿಗೆ ಹಸಿ ಮೈಯಲ್ಲಿ, ಅಂದರೆ ಮುಟ್ಟಿನಲ್ಲಿ, ಇರುತ್ತಾಳೆ, ಮುಟ್ಟುವ ಹಾಗಿಲ್ಲ. ಕರ್ಕಾಟಕ ಸಂಕ್ರಮಣಕ್ಕೆ ಮತ್ತೆ ಮಗ್ಗುಲು, ಈ ಸಲ ದಕ್ಷಿಣಕ್ಕೆ. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ಮಳೆ ಮುಗಿಯುವವರೆಗೆ ಗುಡಿಯ ಬಾಗಿಲು ಹಾಕುತ್ತಾರೆ. ಬಾಗಿಲು ತೆಗೆಯುವ ಹೊತ್ತಿಗೆ ಬಸುರಿ. ಆಮೇಲೆ ಹೆರಿಗೆ, ಅಂದರೆ ಕೊಯ್ಲು. ಮತ್ತೆ ಸಂಕ್ರಾಂತಿ.

(ಸೂರ್ಯ ನಿಜವಾಗಿ ತಿರುಗುವುದು ಡಿಸೆಂಬರಿನಲ್ಲೇ, ನಿಮ್ಮ ಸಂಕ್ರಾಂತಿ ಲೇಟು ಅಂತ ಮೇಷ್ಟರೊಬ್ಬರು ನನಗೆ ಬಿಡಿಸಿ ಹೇಳಿದ್ದಾರೆ. ಇರಬಹುದು. ಅಮ್ಮನಿಗೆ ಹೇಳುವವರು ಯಾರು?)

ಕಳೆದ ಡಿಸೆಂಬರಿನಲ್ಲಿ ಒಂದು ಹೋಂಸ್ಟೇಯ ದಾರಿ ಸಮ ಮಾಡುತ್ತಿದ್ದೆ. ಅಲ್ಲಿ ಪೇಟೆಯಿಂದ ಬಂದಿದ್ದ ಹೆಂಗಸರ ಗುಂಪೊಂದು ಇಳಿದುಕೊಂಡಿತ್ತು. ವರ್ಷದ ಅತಿ ಉದ್ದದ ರಾತ್ರಿ ಕಳೆದು ಬೆಳಕು ತಿರುಗುವ ದಿನ ದೇವಿಯ ಧ್ಯಾನ ಮಾಡುವುದು ಅವರ ಪದ್ಧತಿಯಂತೆ. ಒಬ್ಬರು ಬಂದು 'ಇಲ್ಲಿಯ ದೇವಿ ಬಗ್ಗೆ ಏನಾದ್ರೂ ಹೇಳ್ತೀರಾ ಸರ್?' ಅಂತ ಕೇಳಿದರು. ಮೆಷಿನ್ ಆಫ್ ಮಾಡಿ ಅಜ್ಜಿಯ ಪಾಠವನ್ನೆಲ್ಲ ಒಪ್ಪಿಸಿದೆ. ಅವರ ಕಣ್ಣು ಒದ್ದೆಯಾಯಿತು.

'ಭೂಮಿಗೂ ರಜೆ ಕೊಡ್ತೀರಿ. ಹೆಣ್ಣಿನ ದೇಹನ ಇಷ್ಟು ಅರ್ಥ ಮಾಡ್ಕೊಂಡಿದ್ದೀರಲ್ಲ ನೀವು,' ಅಂದರು.

ನನಗೆ ಎದೆ ಉಬ್ಬಿತು. ಸುಳ್ಳು ಯಾಕೆ ಹೇಳಲಿ? ಶಾಲೆ ಬಿಟ್ಟವನ ಮಾತಿಗೆ ಓದಿದವರು ಕಣ್ಣು ಒದ್ದೆ ಮಾಡಿದರೆ ಯಾರಿಗೆ ಉಬ್ಬುವುದಿಲ್ಲ?

ಅದೇ ಹೊತ್ತಿಗೆ ಅವರ ಬೆನ್ನ ಹಿಂದೆ, ದಾರಿಯ ಮೇಲಿನ ತೋಟದಲ್ಲಿ, ಸವಿತ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಫಿ ಕೊಯ್ಯುತ್ತಿದ್ದಳು. ಬಸುರಿ. ಹಣ್ಣು ತುಂಬಿದ ಚೀಲ ಮುಂದಕ್ಕೆ ಜೋಲುತ್ತಿತ್ತು. ಹೊಟ್ಟೆ ಯಾವುದು, ಚೀಲ ಯಾವುದು ಅಂತ ದೂರದಿಂದ ಗೊತ್ತಾಗುತ್ತಿರಲಿಲ್ಲ.

ನನಗೂ ಅದರಲ್ಲಿ ಏನೂ ಅನ್ನಿಸಲಿಲ್ಲ. ಕೊಯ್ಲಿನ ಕಾಲದಲ್ಲಿ ಮನೆಯಲ್ಲಿ ಕೂರುವವರು ಯಾರು? ನನ್ನ ಹೆಂಡತಿ ಕೂತಿರಲಿಲ್ಲ. ಅಕ್ಕನೂ ಕೂತಿರಲಿಲ್ಲ. ಅಕ್ಕ ತೀರಿಕೊಂಡ ಮೇಲೆ ಸವಿತಳಿಗೆ ತವರು ಅಂದರೆ ನಾನೇ. ಮದುವೆ ಮಾಡಿಕೊಟ್ಟಿದ್ದೂ ನಮ್ಮೂರಿನಲ್ಲೇ. ಗಂಡ ಮಧು ಒಳ್ಳೆಯ ಹುಡುಗ, ಪಿಕಪ್ ಓಡಿಸುತ್ತಾನೆ. ಸ್ವಲ್ಪ ಗದ್ದೆ, ಸ್ವಲ್ಪ ಕಾಫಿ. ಮನೆಯ ಹಿಂದೆ ಒಂದು ಹಲಸಿನ ಮರ. ಆ ಮರ ಅಡುಗೆಮನೆ ಕಿಟಕಿಯಿಂದ ಕಾಣುತ್ತದೆ. ಇದು ನೆನಪಿರಲಿ.

ಏಪ್ರಿಲ್ ಬಂತು. ಸುಗ್ಗಿಗೆ ಸಾರು ಹಾಕಿದರು. ಅಂದರೆ ಊರೆಲ್ಲ ಕೂಗಿ ಹೇಳಿದರು, ಇವತ್ತಿನಿಂದ ಕಟ್ಟು ಅಂತ. ಕಟ್ಟು ಮುಗಿಯುವವರೆಗೆ ಊರ ಗಡಿಯೊಳಗೆ ಹಸಿರು ಕಡಿಯುವ ಹಾಗಿಲ್ಲ. ಒಗ್ಗರಣೆಯ ಚಟಪಟ ಕೇಳುವ ಹಾಗಿಲ್ಲ. ನೆಲ ಅಗೆಯುವ ಹಾಗಂತೂ ಇಲ್ಲವೇ ಇಲ್ಲ. ಅಮ್ಮ ಹಸಿ ಮೈಯಲ್ಲಿ ಮಲಗಿರುತ್ತಾಳೆ, ಗುದ್ದಲಿ ತಾಗಿದರೆ ಅವಳ ಮೈಗೇ ತಾಗುತ್ತದೆ. ನಾನು ಮೆಷಿನ್ ತೊಳೆದು ಬಕೆಟ್ಟಿಗೆ ಅರಿಶಿನ ಹಚ್ಚಿ ನಿಲ್ಲಿಸುತ್ತೇನೆ. ಬಕೆಟ್ಟಿನ ಹಲ್ಲು ನೆಲಕ್ಕೆ ತಾಗಬಾರದು ಅಂತ ಕೆಳಗೆ ಹಲಗೆ ಕೊಡುತ್ತೇನೆ. ಯಾರೂ ಹೇಳಿಕೊಟ್ಟಿದ್ದಲ್ಲ. ಅಜ್ಜಿ ಇದ್ದಿದ್ದರೆ ಹಾಗೇ ಮಾಡು ಅನ್ನುತ್ತಿದ್ದಳು.

ಕಟ್ಟಿನ ಮಧ್ಯದಲ್ಲೇ ಸವಿತಳಿಗೆ ನೋವು ಬಂತು. ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿಸಿದರು. ಸಂಜೆ ಹೆಣ್ಣು ಕೂಸು ಹುಟ್ಟಿತು. ಬೆಳಿಗ್ಗೆ ಇರಲಿಲ್ಲ.

ಉಸಿರಾಟದ ತೊಂದರೆ ಅಂದರಂತೆ. ಅದಕ್ಕಿಂತ ಹೆಚ್ಚು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. 'ಇಲ್ಲೇ ಬಿಟ್ಟು ಹೋದ್ರೆ ನಾವೇ ನೋಡ್ಕೋತೀವಿ' ಅಂತ ಒಬ್ಬಳು ಆಯಾ ಮೆಲ್ಲಗೆ ಹೇಳಿದಳಂತೆ. ಮಧು ಬಿಡಲಿಲ್ಲ. ಟವೆಲ್ಲಿನಲ್ಲಿ ಸುತ್ತಿಸಿಕೊಂಡ. ಸವಿತ ವಾರ್ಡಿನಲ್ಲೇ ಉಳಿಯಬೇಕಿತ್ತು. ಹೊರಡುವಾಗ ಅವನ ಕೈ ಹಿಡಿದು ಒಂದೇ ಮಾತು ಹೇಳಿದಳು.

'ಹಲಸಿನ ಮರದ ಬುಡದಲ್ಲಿ ಇಡಿ. ನಂಗೆ ಕಾಣೋ ಹಾಗೆ.'

ಕೇಳಿದ್ದು ಅಷ್ಟೇ. ಎಳೆ ಕೂಸುಗಳನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಮನೆಯ ಹತ್ತಿರ, ಹಾಲು ಬರುವ ಮರದ ಕೆಳಗೆ ಹೂತದ್ದು ಎಷ್ಟೋ ಇವೆ. ಅವಳು ಕೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ.

ಮಧು ನನಗೆ ಫೋನ್ ಮಾಡಿದ. ನಾನು ಊರ ಗಡಿಕಲ್ಲಿನ ಹತ್ತಿರ ಹೋಗುವಷ್ಟರಲ್ಲಿ ಪಿಕಪ್ ಬಂದು ಅಲ್ಲೇ ನಿಂತಿತ್ತು. ಒಳಗೆ ಸುಶೀಲಕ್ಕ ಕೂತಿದ್ದರು, ತೊಡೆಯ ಮೇಲೆ ಟವೆಲ್. ಮುಂದೆ ಮಂಜೇಗೌಡ್ರು ನಿಂತಿದ್ದರು. ಸುಗ್ಗಿಯ ಯಜಮಾನಿಕೆ ಅವರದ್ದು. ಕೆಟ್ಟ ಮನುಷ್ಯರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರಾಗಿದ್ದರೆ ಬರೆಯುವುದು ಸುಲಭ ಇತ್ತು.

'ಕೂಸು ಅಂದ್ರೆ ಅದೂ ಅಮ್ಮನೇ ಮಾರಾಯ. ನಂಗೆ ಗೊತ್ತಿಲ್ವಾ?' ಅಂದರು. 'ಆದ್ರೆ ಸಾರು ಹಾಕಿ ಆಗಿದೆ. ಅಮ್ಮನ ಮೈ ಹಸಿ ಇದೆ. ಗುದ್ದಲಿ ತಾಗ್ಸೋ ಹಂಗಿಲ್ಲ.'

'ಈ ಕೂಸಿಗೆ ಎಷ್ಟು ದೊಡ್ಡ ಗುಂಡಿ ಬೇಕು ಗೌಡ್ರೆ? ಒಂದು ಕಾಫಿ ಗಿಡ ನೆಡೋ ಅಷ್ಟು.'

'ಅಷ್ಟಾದ್ರೂ ಅದು ಗುಂಡೀನೆ.'

'ಹೋದ ವರ್ಷ ಎಸ್ಟೇಟಿನವ್ರು ಸ್ಪ್ರಿಂಕ್ಲರ್ ಪೈಪಿಗೆ ಉದ್ದಕ್ಕೂ ಅಗೆಸಿದ್ರಲ್ಲ, ಕಟ್ಟಿನ ಮಧ್ಯದಲ್ಲೇ?'

'ಅದು ಹೊಸದಾಗಿ ಅಗೆದಿದ್ದಲ್ಲ. ಹಳೇ ಪೈಪ್ ರಿಪೇರಿ.'

'ಹಂಗಾದ್ರೆ ಇದನ್ನೂ ರಿಪೇರಿ ಅಂದ್ಕಳಿ.'

ಮಂಜೇಗೌಡ್ರು ಸಿಟ್ಟಾಗಲಿಲ್ಲ. 'ನಿನ್ನ ಮೆಷಿನ್ನಿಗಿಂತ ನಿನ್ನ ಬಾಯಿ ಜೋರು' ಅಂದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ಪಿಕಪ್ಪಿನಲ್ಲಿದ್ದವರಿಗೆ ಕೇಳದ ಹಾಗೆ ದನಿ ಇಳಿಸಿದರು.

'ಇವತ್ತು ನೀನು ಅಗೀತೀಯ. ನಾನೂ ಕಣ್ಣು ಮುಚ್ಕಂತೀನಿ ಅಂತಿಟ್ಕ. ನಾಳೆ ಹೂಮಳೆ ಕೈಕೊಡ್ತು, ಕಾಫಿ ಹೂ ಕರಗಿ ಹೋಯ್ತು. ಯಾರ್ದೋ ದನ ಸತ್ತೋಯ್ತು. ಆಗ ಊರು ಯಾರನ್ನ ಕೇಳ್ತದೆ? ನನ್ನಲ್ಲ. ನಿನ್ನನ್ನೂ ಅಲ್ಲ. ಆ ಹುಡುಗೀನ ಕೇಳ್ತದೆ. ಕೂಸು ಕಳ್ಕಂಡೋಳ ತಲೆ ಮೇಲೆ ಅದೊಂದು ಹೊರೆ ಬೇಕಾ?'

ಅವರು ಹೇಳಿದ್ದು ನಿಜವೇ ಆಗಿತ್ತು. ಅಮ್ಮ ಏನು ಮಾಡುತ್ತಾಳೋ ನನಗೆ ಗೊತ್ತಿಲ್ಲ. ಊರು ಏನು ಮಾಡುತ್ತದೆ ಅಂತ ಚೆನ್ನಾಗಿ ಗೊತ್ತು. ಮುಂದೆ ಅವಳಿಗೆ ಇನ್ನೊಂದು ಕೂಸು ಆಗದಿದ್ದರೂ ಅದೇ, ಆಗಿ ಅದಕ್ಕೊಂದು ಜ್ವರ ಬಂದರೂ ಅದೇ.

ಮಧು ಸ್ಟೀರಿಂಗಿನ ಮೇಲೆ ಹಣೆ ಇಟ್ಟು ಕೂತಿದ್ದ. ತಲೆ ಎತ್ತಿದ.

'ಆಚೆನೇ ಇಡಾಣ ಮಾವ,' ಅಂದ.

ಗಡಿಕಲ್ಲಿನ ಆಚೆ, ರಸ್ತೆಗೂ ಎಸ್ಟೇಟಿನ ಬೇಲಿಗೂ ನಡುವೆ ಒಂದು ಪಟ್ಟಿ ಜಾಗ ಇದೆ. ಯಾರದ್ದೂ ಅಲ್ಲ. ಲಂಟಾನ ಬೆಳೆದಿದೆ, ಬಾಟಲಿ ಬಿದ್ದಿವೆ. ಅಲ್ಲಿ ತೆಗೆದೆವು. ಮೆಷಿನ್ ತರಲಿಲ್ಲ. ಬಿಸಿಲಿಗೆ ನೆಲ ಕಲ್ಲಾಗಿತ್ತು. ಮಧು ಹಾರೆ ಹಾಕಿದ, ನಾನು ಗುದ್ದಲಿಯಲ್ಲಿ ಮಣ್ಣೆಳೆದೆ. ಸುಶೀಲಕ್ಕ ಟವೆಲ್ ಸಮೇತ ಒಳಗಿಟ್ಟರು. ಹಾಲು ಬಿಟ್ಟರು. ನರಿ ನಾಯಿ ಕೆದಕಬಾರದು ಅಂತ ಮೇಲೆ ಕಲ್ಲು ಹೇರಿದೆವು. ಅಷ್ಟರಲ್ಲಿ ಒಂದು ಲಾರಿ ಹೋಯಿತು, ನಮ್ಮ ಮೇಲೂ ಆ ಕಲ್ಲುಗಳ ಮೇಲೂ ಧೂಳು ಕೂತಿತು.

ಅವಳು ಹೇಳಿ ಕಳಿಸಿದ್ದು ಮೂವರಿಗೂ ಗೊತ್ತಿತ್ತು. ಒಂದು ಫೋನ್ ಮಾಡಿ ಕೇಳೋಣ ಅಂತ ಮೂವರಲ್ಲಿ ಯಾರಿಗೂ ಅನ್ನಿಸಲಿಲ್ಲ.

ಸವಿತ ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ. ಕಾರಿನಿಂದ ಇಳಿದವಳು ನೆಟ್ಟಗೆ ಅಡುಗೆಮನೆಗೆ ಹೋದಳು. ಕಿಟಕಿಯಲ್ಲಿ ನೋಡಿದಳು. ಮರದ ಬುಡದಲ್ಲಿ ತರಗೆಲೆ ಹಾಗೇ ಬಿದ್ದಿತ್ತು. ತಿರುಗಿ ಮಧುವಿನ ಮುಖ ನೋಡಿದಳು. ಅವನು ಹೇಳಿದ. ಅವಳು ಅಳಲಿಲ್ಲ. ಚಪ್ಪಲಿ ಹುಡುಕತೊಡಗಿದಳು.

'ಹಸಿ ಬಾಣಂತಿ ಹೊಸಿಲು ದಾಟಬಾರ್ದು ಕಣೇ,' ಅಂತ ಸುಶೀಲಕ್ಕ ಬಾಗಿಲಿಗೆ ಅಡ್ಡ ನಿಂತರು.

ಆಗ ಅವಳು ಅಂದದ್ದು ಅತ್ತೆಗಲ್ಲ, ನನಗೆ.

'ಅಮ್ಮಂದು ಹಸಿ ಮೈ ಅಂತ ಊರಿಗೂರೇ ಸುಮ್ನಿತ್ತಲ್ಲ ಮಾವ. ನಂದೂ ಹಸಿ ಮೈಯೇ ಅಲ್ವಾ? ನನ್ನ ಯಾರು ಕೇಳಿದ್ರು?'

ನಾನು ಅಂಗಳಕ್ಕೆ ಬಂದು ಬೀಡಿ ಹಚ್ಚಿದೆ.

ಈ ಮಾತು ಆ ದಿನದಿಂದ ನನ್ನ ಜೊತೆ ಸೀಟಿನಲ್ಲೇ ಕೂತಿದೆ. ಅಮ್ಮನ ವರ್ಷವನ್ನು ನಾವು ಎಷ್ಟು ಚೆನ್ನಾಗಿ ಬಲ್ಲೆವು. ಅವಳ ಮುಟ್ಟು ಬಲ್ಲೆವು, ಬಯಕೆ ಬಲ್ಲೆವು, ಯಾವಾಗ ಮಗ್ಗುಲು ಬದಲಿಸುತ್ತಾಳೆ, ಯಾವಾಗ ಬಾಗಿಲು ಹಾಕಿಕೊಳ್ಳುತ್ತಾಳೆ, ಎಲ್ಲ ಬಲ್ಲೆವು. ಅಡುಗೆಮನೆಯಲ್ಲಿ ನಿಂತಿರುವ ಹೆಂಗಸಿಗೆ ಇದರಲ್ಲಿ ಒಂದಾದರೂ ಕೊಟ್ಟಿದ್ದೇವಾ? ಮುಟ್ಟಾದಾಗ ಹೊರಗೆ ಕೂರಿಸಿದ್ದೇವೆ, ಹೌದು. ಅದು ಅವಳ ಸುಸ್ತಿಗಲ್ಲ, ನಮ್ಮ ಮಡಿಗೆ. ಆ ಪೇಟೆಯ ಹೆಂಗಸು ಈಗ ಸಿಕ್ಕಿ ಮತ್ತೆ ಕಣ್ಣು ಒದ್ದೆ ಮಾಡಿಕೊಂಡರೆ ಏನು ಹೇಳಲಿ?

ಇನ್ನೊಂದು ಮಾತು. ಕೂಸಿಲ್ಲದ ಬಾಣಂತಿಗೆ ಬಾಣಂತನ ಎಲ್ಲಿಯದು? ಎಣ್ಣೆ ಯಾರಿಗೆ ಹಚ್ಚುವುದು, ಬಿಸಿನೀರು ಯಾರಿಗೆ ಹೊಯ್ಯುವುದು? ಹಾಲು ಕಟ್ಟಿ ಜ್ವರ ಬಂದಾಗ ಎದೆಗೆ ಮಲ್ಲಿಗೆ ಹೂ ಕಟ್ಟಿದರು. ಹಾಲು ಬತ್ತಿತು. ಅಲ್ಲಿಗೆ ಮುಗಿಯಿತು. ಮೊದಲ ಮಳೆ ಬಿದ್ದಾಗ ಸವಿತ ಗಿಡದ ಬುಡಕ್ಕೆ ಗೊಬ್ಬರ ಹಾಕುತ್ತಿದ್ದಳು.

ಕರ್ಕಾಟಕ ಸಂಕ್ರಮಣಕ್ಕೆ ಗುಡಿಯ ಬಾಗಿಲು ಹಾಕಿದರು. ಈ ವರ್ಷದ ಮಳೆ ನಿಮಗೆ ಗೊತ್ತೇ ಇದೆ. ಗುಡ್ಡದ ನೀರೆಲ್ಲ ರಸ್ತೆಯ ಮೇಲೆ ಹರಿಯಿತು. ನಾನು ಜಾರಿದ ಮಣ್ಣು ಎತ್ತಲು ದಿನಾ ಮೆಷಿನ್ ತೆಗೆದುಕೊಂಡು ಹೋಗುತ್ತಿದ್ದೆ. ಹೋಗುವಾಗೆಲ್ಲ ಆ ಪಟ್ಟಿಯ ಕಡೆ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಕಲ್ಲುಗಳ ಮೇಲೆ ಗೊಬ್ಬರದ ಚೀಲ ಬಿಚ್ಚಿ ಹಾಸಿತ್ತು, ನಾಲ್ಕು ಮೂಲೆಗೂ ಇನ್ನಷ್ಟು ಕಲ್ಲು. ಮಣ್ಣು ಕೊಚ್ಚಿ ಹೋಗದ ಹಾಗೆ ಸುತ್ತ ಬಸಿಗಾಲುವೆ ಬೇರೆ. ಪುಟ್ಟದು, ಅಚ್ಚುಕಟ್ಟು. ನೀರು ನಿಲ್ಲದ ಕಡೆಗೇ ತಿರುಗಿಸಿದ್ದಳು ಸವಿತ.

'ನಿನ್ನ ಸೊಸೆಗೆ ತಲೆ ಸರಿ ಇದ್ಯಾ ಸುಶೀಲಕ್ಕ? ಮಳೇಲಿ ರಸ್ತೆ ಬದೀಲಿ ಕೂತಿರ್ತಾಳಂತೆ,' ಅಂತ ಹಾಲಿನ ಡೈರಿಯ ಹತ್ತಿರ ಯಾರೋ ಕೇಳಿದರಂತೆ.

'ನಿಂದು ಸರಿ ಇದ್ರೆ ಸಾಕು,' ಅಂದರಂತೆ ಸುಶೀಲಕ್ಕ.

ಮಳೆ ಸಡಿಲವಾದಾಗ ಆ ಪಟ್ಟಿಯ ಉದ್ದಕ್ಕೂ ಗೂಟ ಹೊಡೆದರು. ಗೂಟದ ತಲೆಗೆ ಕೆಂಪು ಬಣ್ಣ. ರಸ್ತೆ ಅಗಲ ಮಾಡುತ್ತಾರಂತೆ. ಅರ್ಥವಾಯಿತಲ್ಲ? ಗಡಿಯಾಚೆ, ಯಾರದ್ದೂ ಅಲ್ಲದ ಜಾಗ ಅಂತ ಹುಡುಕಿ ಇಟ್ಟಿದ್ದೆವು. ಯಾರದ್ದೂ ಅಲ್ಲದ ಜಾಗವನ್ನೇ ಮೊದಲು ಅಗೆಯುತ್ತಾರೆ ಅಂತ, ಇಷ್ಟು ವರ್ಷ ರಸ್ತೆ ಕೆಲಸ ಮಾಡಿದ ನನಗೆ ಆವತ್ತು ಹೊಳೆಯಲಿಲ್ಲ.

ಕಂಟ್ರಾಕ್ಟರ್ ಫೋನ್ ಮಾಡಿದ. ದೀಪಾವಳಿ ಕಳೆದು ಕೆಲಸ ಶುರು, ನಿಮ್ಮೂರ ಬುಡದಲ್ಲೇ ಇದೆ, ಮೆಷಿನ್ ಕಳಿಸ್ತೀರಾ ಅಂದ. ಹೇಳುತ್ತೇನೆ ಅಂದೆ. ನೆಟ್ಟಗೆ ಮಂಜೇಗೌಡ್ರ ಮನೆಗೆ ಹೋದೆ.

'ಈಗ ಕಟ್ಟಿಲ್ಲ. ಕೂಸನ್ನ ಒಳಗೆ ತಂದು ಹಲಸಿನ ಮರದ ಬುಡದಲ್ಲಿ ಇಡ್ತೀವಿ,' ಅಂದೆ.

ಅವರು ಎಲೆಗೆ ಸುಣ್ಣ ಹಚ್ಚಿದರು.

'ಹೊರಗಡೆ ಮಣ್ಣಾದದ್ದನ್ನ ಮತ್ತೆ ಗಡಿ ಒಳಗೆ ತಂದದ್ದು ನಮ್ಮೂರಲ್ಲಿ ಇಲ್ಲ ಮಾರಾಯ. ಅದ್ರಲ್ಲೂ ಈಗ ಅಮ್ಮ ಬಸುರಿ. ಆಚೆ ಹೋದದ್ದು ಆಚೆಗೇ ಆಯ್ತು.'

'ಅಮ್ಮಂಗೆ ಯಾವ ಕಾಲದಲ್ಲಿ ಆಗ್ತದೆ ಹಂಗಾದ್ರೆ?'

ಗೌಡ್ರು ನನಗೂ ಎಲೆ ಕೊಟ್ಟರು. ತೆಗೆದುಕೊಂಡೆ, ಹಾಕಿಕೊಳ್ಳಲಿಲ್ಲ.

ಸವಿತ ಹಿತ್ತಲಲ್ಲಿ ಕೆಸುವಿನ ಎಲೆ ಕೊಯ್ಯುತ್ತಿದ್ದಳು. ಗೂಟ ಹೊಡೆದದ್ದು, ಫೋನ್ ಬಂದದ್ದು, ಗೌಡ್ರು ಹೇಳಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಮಧ್ಯೆ ನಿಲ್ಲಿಸಿದರೆ ಮುಂದೆ ಹೇಳಲು ಆಗುತ್ತಿರಲಿಲ್ಲ.

'ಮೆಷಿನ್ ಕಳಿಸಲ್ಲ ಅಂತೀನಿ,' ಅಂದೆ.

'ಬೇರೆಯವ್ರು ಬರಲ್ವಾ?'

'ಬರ್ತಾರೆ.'

'ಹಂಗಾದ್ರೆ ಒಲ್ಲೆ ಅನ್ಬೇಡಿ ಮಾವ. ನೀವೇ ಬನ್ನಿ. ಅದು ಎಲ್ಲಿದೆ ಅಂತ ನಿಮ್ಮ ಕೈಗಾದ್ರೂ ಗೊತ್ತು.' ಎಲೆಗಳನ್ನು ಒಂದರ ಮೇಲೊಂದು ಜೋಡಿಸಿದಳು. 'ಗೌಡ್ರು ಹೇಳಿದ್ದು ಇರ್ಲಿ. ಒಳಗೆ ಹೆಂಗೆ ತರೋದು ಅಂತ ನಾನು ನೋಡ್ತೀನಿ.'

ಹಾಗೆ ಬಂತು ಭೂಮಿ ಹುಣ್ಣಿಮೆ.

ಅವಳು ರಸ್ತೆಗೆ ಹತ್ತಿದಾಗ ನಾನು ದೂರದಲ್ಲಿ ಹಿಂದೆ ಹೋದೆ. ಗಡಿಕಲ್ಲು ದಾಟಿದಳು. ಕೆಂಪು ತಲೆಯ ಗೂಟಗಳ ಮಧ್ಯೆ ಕೂತಳು. ಚೀಲ ಸರಿಸಿದಳು, ಕಲ್ಲು ಒಂದೊಂದೇ ಪಕ್ಕಕ್ಕೆ ಇಟ್ಟಳು. ಕುಂಕುಮ ಇಟ್ಟಳು. ಬಾಳೆ ಎಲೆಯ ಚೂರಿನಲ್ಲಿ ಬೆರಕೆ ಸೊಪ್ಪು, ಒಂದು ಕಡುಬು. ಬಯಕೆ ಊಟವನ್ನು ತಾಯಿಗಲ್ಲ, ಕೂಸಿಗೆ ಬಡಿಸಿದಳು. ಆಮೇಲೆ ಬೆರಳಲ್ಲಿ ಕೆದಕಿ ಒಂದು ಹಿಡಿ ಮಣ್ಣು ತೆಗೆದಳು. ಎಲೆಯಲ್ಲಿ ಕಟ್ಟಿದಳು. ಬುಟ್ಟಿಯಲ್ಲಿ, ಉಳಿದ ಕಡುಬಿನ ಪಕ್ಕ, ಇಟ್ಟುಕೊಂಡಳು. ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ವಾಪಸ್ ಬಂದಳು.

ಬಚ್ಚಿಡಲಿಲ್ಲ. ಅದೇ ನೋಡಿ. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗದ್ದೆಯ ಬದುವಿನ ಮೇಲೆ ಊರ ಹೆಂಗಸರೆಲ್ಲ ನಿಂತಿದ್ದರು. ಅವರ ಮುಂದೆಯೇ ನಡೆದು ಬಂದಳು. ಬುಟ್ಟಿ ಇಳಿಸಿ ಎಲೆ ಬಿಚ್ಚಿದಳು.

ಗದ್ದೆಯ ಮೂಲೆಯಲ್ಲಿ ಸುಶೀಲಕ್ಕ ಕಡುಬಿಗೆ ಗುಂಡಿ ಮಾಡಿ ಕಾಯುತ್ತಿದ್ದರು. ಭೂಮಿ ಬಸುರಿ ಇದ್ದಾಗಲೂ ಕಡುಬಿಗೆ ಬೇಕಾದಷ್ಟು ಮಣ್ಣು ಕೈಯಲ್ಲಿ ತೆಗೆಯಬಹುದು. ಅಷ್ಟಕ್ಕೆ ಮಾತ್ರ ಅನುಮತಿ. ಸುಶೀಲಕ್ಕ ಎಲೆಯಲ್ಲಿದ್ದ ಮಣ್ಣು ನೋಡಿದರು. ಗದ್ದೆಯದ್ದು ಕಪ್ಪು. ಇದು ರಸ್ತೆ ಬದಿಯ ಕೆಂಪು. ಏನು ಅಂತ ಕೇಳಬೇಕಾಗಿರಲಿಲ್ಲ. ಸುತ್ತ ನಿಂತವರಲ್ಲಿ ಯಾರಾದರೂ ಒಬ್ಬರು ಬಾಯಿ ಬಿಟ್ಟಿದ್ದರೆ ಆ ದಿನ ಬೇರೆ ಥರ ಮುಗಿಯುತ್ತಿತ್ತು.

ಸುಶೀಲಕ್ಕ ಬಗ್ಗಿದರು. ಗುಂಡಿಯೊಳಗೆ ಎರಡೂ ಕೈ ಹಾಕಿ ಇನ್ನಷ್ಟು ಮಣ್ಣು ಬಾಚಿ ತೆಗೆದರು.

'ಸ್ವಲ್ಪ ಆಳ ಆಗ್ಲಿ,' ಅಂದರು. 'ಏಡಿ ಕೆದಕ್ತವೆ.'

ಕೆಂಪು ಮಣ್ಣು ಕೆಳಗೆ. ಮೇಲೆ ಕಡುಬು. ಮೇಲೆ ಗದ್ದೆಯ ಮಣ್ಣು. ಮುಚ್ಚಿದರು. ಸವಿತ ಆಗ ಅತ್ತಳು. ಸುಗ್ಗಿಯಿಂದ ಈಚೆಗೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಲ್ಲಿಗೆ ಮುಗಿಸಿದ್ದರೆ ನಿಮಗೂ ಹಗುರ, ನನಗೂ ಹಗುರ. ಆದರೆ ಸಂಜೆ ಮೆಷಿನ್ನಿಗೆ ಗ್ರೀಸ್ ಹೊಡೆಯುತ್ತಿದ್ದಾಗ ಮಂಜೇಗೌಡ್ರು ಬಂದರು. ಬಂದವರು ಬಕೆಟ್ಟಿನ ಅಂಚಿನ ಮೇಲೆ ಕೂತರು. ವಯಸ್ಸಾಗಿದೆ, ನಡೆದು ಬಂದು ದಣಿದಿದ್ದರು.

'ಆ ಮಣ್ಣು ಗದ್ದೆಗೆ ಬಿತ್ತಂತಲ್ಲ.'

'ಬಿತ್ತು ಗೌಡ್ರೆ.'

'ಸೂತಕದ ಮಣ್ಣು. ಬಸುರಿ ನೆಲ.'

'ಅವಳು ನಿಮ್ಮನ್ನೂ ಕೇಳಿಲ್ಲ, ನನ್ನನ್ನೂ ಕೇಳಿಲ್ಲ. ನೆಲಾನ ಕೇಳಿದ್ಲು. ನೆಲ ಬೇಡ ಅಂದಿದ್ದು ನಂಗಂತೂ ಕೇಳ್ಲಿಲ್ಲ.'

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸಾರು ಹಾಕಿಸುವವರು, ಊರ ಗಡಿ ಕಾಯುವವರು, ಮುಂದಿನ ಸುಗ್ಗಿಯಲ್ಲಿ ಏನಾದರೂ ತಪ್ಪಿದರೆ ಉತ್ತರ ಕೊಡಬೇಕಾದವರು. ಅವರ ಹೆದರಿಕೆ ಅವರಿಗೆ. ಕೊನೆಗೆ, ನನ್ನನ್ನು ಗೆಲ್ಲಬೇಕು ಅಂತಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು.

'ಅಲ್ಲ ಮಾರಾಯ, ಕೊಯ್ಲಿಗೆ ಆ ಕಡುಬು ತೆಗೀಬೇಕಲ್ಲ. ಅದನ್ನ ಹೆಂಗೆ ಮಾಡ್ತೀರಿ?'

ನಾನು ಗ್ರೀಸ್ ಗನ್ ಕೆಳಗಿಟ್ಟು ಕೈ ಒರೆಸಿಕೊಂಡೆ.

ದೀಪಾವಳಿ ಕಳೆದ ಮೇಲೆ ಆ ಪಟ್ಟಿಯನ್ನು ನಾನೇ ತೆಗೆಯುತ್ತೇನೆ. ಮೆಲ್ಲಗೆ ತೆಗೆಯುತ್ತೇನೆ, ಆ ಜಾಗ ಬಂದಾಗ ಇಳಿದು ಕೈಯಲ್ಲೇ ತೆಗೆಯುತ್ತೇನೆ. ಅವಳಿಗೆ ಮಾತು ಕೊಟ್ಟಿದ್ದೇನೆ. ಮಣ್ಣಿನ ಕೆಲಸ ಯಾವುದೇ ಇರಲಿ, ನನ್ನಿಂದ ಆಗುವುದಿಲ್ಲ ಅಂದವನಲ್ಲ ನಾನು. ಆದರೆ ಗದ್ದೆಯ ಮೂಲೆಯಲ್ಲಿ ಕೂಸಿನ ಮಣ್ಣಿನ ಮೇಲಿರುವ ಆ ಕಡುಬನ್ನು ಯಾರು ತೆಗೆಯುತ್ತಾರೆ, ತೆಗೆದು ಪ್ರಸಾದ ಅಂತ ಯಾರ ಬಾಯಿಗೆ ಇಡುತ್ತಾರೆ?